ಸಾಲದ ನಡುವೆ ನಿಂತವರು

ಸಾಲದ ವ್ಯವಹಾರದಲ್ಲಿ ಕೊಡುವವನೊಬ್ಬ, ಕೊಳ್ಳುವವನೊಬ್ಬ, ಇವರಿಬ್ಬರಲ್ಲದೆ ಬೇರೆ ಪಾತ್ರಧಾರಿಗಳಿಲ್ಲವೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಆದರೆ ನಮ್ಮ ಹಳೆಯ ಧರ್ಮನಿಬಂಧಗಳನ್ನೂ ಶಿಲಾಶಾಸನಗಳನ್ನೂ ಕಂಪೆನಿ ಸರಕಾರದ ಅಧಿಕಾರಿಗಳು ಬರೆದಿಟ್ಟ ವರದಿಗಳನ್ನೂ ಒಂದರ ಪಕ್ಕದಲ್ಲೊಂದಿಟ್ಟು ನೋಡಿದವರಿಗೆ, ಈ ಇಬ್ಬರ ನಡುವೆ ಮೂರನೆಯವನೊಬ್ಬನು ಒಂದಲ್ಲ ಒಂದು ವೇಷದಲ್ಲಿ ಸದಾ ನಿಂತಿರುವುದು ಕಾಣುತ್ತದೆ: ಒಮ್ಮೆ ಹೊಣೆಗಾರನಾಗಿ, ಒಮ್ಮೆ ಪಂಚನಾಗಿ, ಒಮ್ಮೆ ಸರಕಾರವು ನೇಮಿಸಿದ ಸಂಧಾನಕಾರನಾಗಿ, ಒಮ್ಮೆ ಸಹಕಾರ ಸಂಘದ ಅಧ್ಯಕ್ಷನಾಗಿ, ಈಗೀಗ ನಗರಗಳಲ್ಲಿ ಫಲಕ ತೂಗುಹಾಕಿಕೊಂಡು ‘ನಿಮ್ಮ ಸಾಲವನ್ನು ನಾವು ಇತ್ಯರ್ಥ ಮಾಡಿಕೊಡುತ್ತೇವೆ’ ಎಂದು ಸಾರುವ ಕಂಪೆನಿಯಾಗಿ. ತೀರಿಸಲಾರದ ಸಾಲಕ್ಕೆ ಸಿಕ್ಕಿದ ಮನುಷ್ಯನು ಸಾಹುಕಾರನನ್ನು ಆರಿಸಿಕೊಳ್ಳುವಾಗ ಎಷ್ಟು ಎಚ್ಚರದಿಂದಿರಬೇಕಾಗಿತ್ತೋ, ಅದಕ್ಕಿಂತಲೂ ಹೆಚ್ಚಿನ ಎಚ್ಚರವು ಈ ಮೂರನೆಯವನನ್ನು ಆರಿಸಿಕೊಳ್ಳುವಾಗ ಬೇಕು. ಏಕೆಂದರೆ ಸಾಹುಕಾರನ ಸ್ವಾರ್ಥವು ಬಹಿರಂಗವಾದುದು, ಮಧ್ಯಸ್ಥನ ಸ್ವಾರ್ಥವು ಉಪಕಾರದ ಉಡುಪನ್ನು ತೊಟ್ಟು ಬರತಕ್ಕದ್ದು. ಇಂಥವರನ್ನು ನಮ್ಮ ಹಿಂದಿನವರು ಯಾವ ಒರೆಗಲ್ಲಿಗೆ ಹಚ್ಚಿ ನೋಡಿದರು, ಎಲ್ಲಿ ಗೆದ್ದರು, ಎಲ್ಲಿ ಮೋಸಹೋದರು ಎಂಬುದು ಸಾಕಷ್ಟು ಉದ್ದವಾದ ಕಥೆ.

ಆ ಕಥೆಯ ಒಂದು ಮುಖ್ಯ ಅಧ್ಯಾಯವು ಕನ್ನಡನಾಡಿನ ಮಧ್ಯದಲ್ಲಿಯೇ, ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ರಾಜಧಾನಿಯಾದ ಕಲ್ಯಾಣದಲ್ಲಿ ಬರೆಯಲ್ಪಟ್ಟಿತು. 1076ರಿಂದ 1126ರವರೆಗೆ ಐವತ್ತು ವರ್ಷಗಳ ಕಾಲ ಆಳಿದ ಆ ದೊರೆಯ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ರಚಿಸಿದ ಮಿತಾಕ್ಷರವೆಂಬ ವ್ಯಾಖ್ಯಾನವು, ದಾಯಭಾಗದ ವಿಷಯದಲ್ಲಿ ಭಾರತದ ಬಹುಭಾಗಕ್ಕೆ ಪ್ರಮಾಣಗ್ರಂಥವಾಗಿ ಇಪ್ಪತ್ತನೆಯ ಶತಮಾನದ ನ್ಯಾಯಾಲಯಗಳವರೆಗೂ ನಡೆದು ಬಂದುದನ್ನು ಎಲ್ಲರೂ ಬಲ್ಲರು. ಅದರ ಋಣಾದಾನ ಪ್ರಕರಣವು ಮಾತ್ರ ಅಷ್ಟು ಪ್ರಸಿದ್ಧವಾಗಲಿಲ್ಲ. ಹದಿನೆಂಟು ವ್ಯವಹಾರಪದಗಳಲ್ಲಿ, ಎಂದರೆ ಮನುಷ್ಯರು ರಾಜದ್ವಾರಕ್ಕೆ ಹೋಗಲು ಕಾರಣವಾಗುವ ಹದಿನೆಂಟು ಬಗೆಯ ವ್ಯಾಜ್ಯಗಳಲ್ಲಿ, ಋಣಾದಾನಕ್ಕೆ ಮೊದಲನೆಯ ಸ್ಥಾನವನ್ನು ಕೊಟ್ಟ ಸ್ಮೃತಿಕಾರರು ಲೋಕಾನುಭವವಿಲ್ಲದವರೇನೂ ಆಗಿರಲಿಲ್ಲ. ಒತ್ತೆಯಿಟ್ಟು ತೆಗೆದ ಸಾಲಕ್ಕೆ ತಿಂಗಳಿಗೆ ಎಂಬತ್ತರಲ್ಲೊಂದು ಭಾಗ ಬಡ್ಡಿ; ಅಡವಿಯ ದಾರಿಯಲ್ಲಿ ವ್ಯಾಪಾರಕ್ಕೆ ಹೊರಟವನಿಗೆ ನೂರಕ್ಕೆ ಹತ್ತು, ಸಮುದ್ರಯಾನಕ್ಕೆ ಹೊರಟವನಿಗೆ ಇಪ್ಪತ್ತು; ಒಂದೇ ಸಲಕ್ಕೆ ವಸೂಲು ಮಾಡುವ ಬಡ್ಡಿಯು ಅಸಲನ್ನು ಸೇರಿಸಿ ಇಮ್ಮಡಿಯನ್ನು ಮೀರಕೂಡದು. ಈ ಕೊನೆಯ ನಿಯಮವೇ ಮುಂದೆ ದಾಮ್‌ದುಪ್ಪಟ್ ಎಂಬ ಹೆಸರಿನಿಂದ ಮುಂಬಯಿ ಪ್ರಾಂತದ ನ್ಯಾಯಾಲಯಗಳಲ್ಲಿ ಬಹುಕಾಲ ನಡೆಯಿತು.

ಆದರೆ ನಮ್ಮ ಪ್ರಸ್ತುತ ವಿಷಯಕ್ಕೆ ಇವೆಲ್ಲಕ್ಕಿಂತ ಹತ್ತಿರವಾದುದು ಪ್ರತಿಭೂ ಎಂದರೆ ಹೊಣೆಗಾರನ ವಿಚಾರ. ಯಾಜ್ಞವಲ್ಕ್ಯನು ಹೊಣೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ: ಸಾಲಗಾರನನ್ನು ಕರೆದಾಗ ತಂದು ನಿಲ್ಲಿಸುತ್ತೇನೆಂಬ ಹೊಣೆ, ಇವನು ನಂಬಿಕೆಗೆ ತಕ್ಕವನೆಂಬ ಹೊಣೆ, ಇವನು ಕೊಡದಿದ್ದರೆ ನಾನೇ ಕೊಡುತ್ತೇನೆಂಬ ಹೊಣೆ. ಇವುಗಳಲ್ಲಿ ನಡುವಿನದು ನಮ್ಮ ಗಮನಕ್ಕೆ ಅರ್ಹವಾದುದು. ಈತನು ಹಣ ಕೊಡುವೆನೆಂದು ಹೇಳಿದವನಲ್ಲ. ಕೇವಲ ಮಾತು ಕೊಟ್ಟವನು, ‘ನನ್ನ ಮಾತಿನ ಮೇಲೆ ಇವನನ್ನು ನಂಬಿರಿ’ ಎಂದವನು. ಹಾಗಿದ್ದರೂ ಆ ಮಾತು ಸುಳ್ಳಾದ ಪಕ್ಷದಲ್ಲಿ ಆತನು ತನ್ನ ಗಂಟಿನಿಂದ ಸಾಲವನ್ನು ತೆರಬೇಕೆಂದು ಸ್ಮೃತಿಯು ವಿಧಿಸುತ್ತದೆ. ಆತನು ಸತ್ತರೆ ಹೊಣೆಯು ಅಲ್ಲಿಗೆ ಮುಗಿಯುತ್ತದೆ, ಮಕ್ಕಳಿಗೆ ತಗಲುವುದಿಲ್ಲ. ಕೊಡುತ್ತೇನೆಂದು ಹೊಣೆ ನಿಂತವನ ಮಕ್ಕಳಾದರೆ ಕೊಡಲೇಬೇಕು. ನಂಬಿಕೆಯ ಮಾತನ್ನಾಡುವವನು ಆ ಮಾತಿನ ನಷ್ಟವನ್ನು ಹೊರಲು ಸಿದ್ಧನಿರಬೇಕು ಎಂಬ ಈ ತತ್ತ್ವವು ನನಗೆ ಇಡೀ ಪ್ರಕರಣದ ಜೀವಾಳವಾಗಿ ಕಾಣುತ್ತದೆ. ಮುಂದಿನ ಎಂಟು ನೂರು ವರ್ಷಗಳ ಅನುಭವವೂ ಇದನ್ನೇ ಸಮರ್ಥಿಸಿತೆಂದು ತೋರಿಸಬಹುದು.

ಮತ್ತೊಂದು ಸಣ್ಣ ವಿಧಿಯನ್ನೂ ಇಲ್ಲಿಯೇ ಹೇಳಿಬಿಡುವುದು ಲೇಸು. ಸಾಲಗಾರನು ಸ್ವಲ್ಪ ಸ್ವಲ್ಪವಾಗಿ ಹಣ ಕೊಡುತ್ತ ಬಂದಾಗ, ಕೊಟ್ಟಷ್ಟನ್ನು ಆಗಾಗ ಸಾಲಪತ್ರದ ಬೆನ್ನಿನ ಮೇಲೆ ಬರೆಯಿಸತಕ್ಕದ್ದು, ಇಲ್ಲವೆ ಸಾಹುಕಾರನು ಸ್ವಹಸ್ತದಿಂದ ಬರೆದ ಪಾವತಿಯನ್ನು ಪಡೆಯತಕ್ಕದ್ದು. ಸಾಲವು ಪೂರ್ತಿ ತೀರಿದ ಮೇಲೆ ಪತ್ರವನ್ನು ಹರಿದುಬಿಡತಕ್ಕದ್ದು. ಸಾಕ್ಷಿಗಳ ಎದುರಿನಲ್ಲಿ ಕೊಂಡ ಸಾಲವನ್ನು ಸಾಕ್ಷಿಗಳ ಎದುರಿನಲ್ಲಿಯೇ ತೀರಿಸತಕ್ಕದ್ದು. ಇಷ್ಟು ಸರಳವಾದ ವಿವೇಕವನ್ನು ಸ್ಮೃತಿಯಲ್ಲಿ ಬರೆಯಬೇಕಾಯಿತೆಂದರೆ, ಬರೆಯಿಸಿಕೊಳ್ಳದೆ ಕೆಟ್ಟವರು ಆ ಕಾಲದಲ್ಲಿಯೂ ಹೇರಳವಾಗಿದ್ದರೆಂದೇ ಅರ್ಥ.

ಶಾಸ್ತ್ರವೊಂದಾದರೆ ಆಚಾರವಿನ್ನೊಂದು. ಸಾಲ ವಸೂಲಿಗೆ ಮನುವು ಹೇಳಿದ ಐದು ಉಪಾಯಗಳಲ್ಲಿ ಧರ್ಮ, ವ್ಯವಹಾರಗಳ ಜತೆಗೆ ಛಲ, ಆಚರಿತ, ಬಲಗಳೂ ಸೇರಿವೆ. ಆಚರಿತವೆಂದರೆ ಸಾಲಗಾರನ ಬಾಗಿಲಲ್ಲಿ ಕುಳಿತು, ಅನ್ನ ಬಿಟ್ಟು, ಅವನನ್ನು ನಾಚಿಸಿ ಹಣ ತೆಗೆಯುವುದೆಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಹದಿಮೂರನೆಯ ಶತಮಾನದ ಕೊನೆಯಲ್ಲಿ ದಕ್ಷಿಣದ ಪೂರ್ವ ಕರಾವಳಿಗೆ ಬಂದಿದ್ದ ವೆನಿಸ್ ನಗರದ ಮಾರ್ಕೊ ಪೋಲೋ, ಸಾಲಗಾರನ ಸುತ್ತ ಸಾಹುಕಾರನು ನೆಲದ ಮೇಲೆ ಒಂದು ಗೆರೆ ಎಳೆದುಬಿಟ್ಟರೆ ಹಣ ಕೊಡುವ ತನಕ ಅವನು ಆ ಗೆರೆಯನ್ನು ದಾಟಕೂಡದೆಂಬ ಪದ್ಧತಿಯನ್ನು ವರ್ಣಿಸಿ, ಪರದೇಶದ ವರ್ತಕನೊಬ್ಬನು ಆ ದೇಶದ ದೊರೆಗೇ ಹೀಗೆ ಗೆರೆ ಎಳೆದಾಗ ದೊರೆಯು ಕುದುರೆಯ ಮೇಲಿಂದ ಕದಲದೆ ನಿಂತು ಹಣ ತರಿಸಿಕೊಟ್ಟನೆಂದು ಹೇಳುತ್ತಾನೆ. ಪ್ರವಾಸಿಗಳ ಮಾತಿನಲ್ಲಿ ಸ್ವಲ್ಪ ಬಣ್ಣ ಸೇರಿರಬಹುದಾದರೂ, ಲಜ್ಜೆಯೇ ಆ ಕಾಲದ ನ್ಯಾಯಾಲಯವಾಗಿತ್ತೆಂಬ ಮಾತಿನಲ್ಲಿ ಸಂಶಯವಿಲ್ಲ. ಪೇಶವೆಯವರ ರಾಜ್ಯವು ಕಂಪೆನಿಯ ಕೈಸೇರಿದ ಮೇಲೆ, 1819ರಲ್ಲಿ, ಆ ಸೀಮೆಯ ಆಡಳಿತವನ್ನು ಕುರಿತು ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಸಲ್ಲಿಸಿದ ವರದಿಯಲ್ಲಿಯೂ ಈ ತಗಾದೆಯ ವರ್ಣನೆಯಿದೆ: ಮೊದಲು ಮಾತಿನ ಒತ್ತಾಯ, ಆಮೇಲೆ ಬಾಗಿಲಲ್ಲಿ ಕಾವಲು, ಆಮೇಲೆ ಊಟಕ್ಕೆ ತಡೆ, ಕೊನೆಗೆ ತಲೆಯ ಮೇಲೆ ಕಲ್ಲು ಹೊರಿಸಿ ನಿಲ್ಲಿಸುವುದು. ಧಾರವಾಡ ಪ್ರಾಂತವೂ ಅದೇ ಪೇಶವೆಯವರ ಆಳ್ವಿಕೆಗೆ ಒಳಪಟ್ಟಿದ್ದಿತೆಂಬುದನ್ನು ನೆನೆದರೆ, ಈ ತಗಾದೆಗಳು ನಮ್ಮ ಜನಕ್ಕೆ ಅಪರಿಚಿತವಾಗಿರಲಿಲ್ಲವೆಂದು ಊಹಿಸುವುದು ಕಷ್ಟವಲ್ಲ.

ಈ ಲಜ್ಜೆ ಮತ್ತು ಬಲಗಳ ನಡುವೆ ಸಿಕ್ಕಿಕೊಂಡವನಿಗೆ ಆಸರೆಯಾಗಿದ್ದುದು ಪಂಚಾಯತಿ. ಊರಿನ ನಾಲ್ಕಾರು ಜನ ತಿಳಿದವರು ದೇವಸ್ಥಾನದ ಅಂಗಳದಲ್ಲೋ ಅರಳಿಕಟ್ಟೆಯ ಮೇಲೋ ಸೇರುವರು. ಇವರ ತೀರ್ಪಿಗೆ ಬದ್ಧರಾಗಿರುತ್ತೇವೆಂದು ಎರಡು ಪಕ್ಷದವರೂ ಮೊದಲೇ ಮುಚ್ಚಳಿಕೆ ಬರೆದುಕೊಡುವರು. ಶಾನುಭೋಗನು ಲೆಕ್ಕ ಓದುವನು. ಬಡ್ಡಿಯಲ್ಲಿ ಇಷ್ಟು ಬಿಡಬೇಕು, ಉಳಿದುದನ್ನು ಇಂತಿಷ್ಟು ಸುಗ್ಗಿಗಳಲ್ಲಿ ತೀರಿಸಬೇಕು ಎಂದು ಫೈಸಲಾಗುವುದು. ಇದನ್ನು ಈಗ ಅತಿಯಾಗಿ ಹೊಗಳುವವರಿದ್ದಾರೆ. ಪಂಚರು ಪಕ್ಷಪಾತಿಗಳಾಗಿದ್ದ, ಉಳ್ಳವರ ಕಡೆಗೆ ವಾಲಿದ, ಕೆಳಜಾತಿಯವನ ಮಾತನ್ನು ಕೇಳದೆಯೇ ಎದ್ದ ಪಂಚಾಯತಿಗಳು ಎಷ್ಟೋ ಇದ್ದಿರಬೇಕು. ಆದರೂ ಅದರಲ್ಲಿ ಒಂದು ಗುಣವಿದ್ದಿತು: ಪಂಚನು ಆ ಊರಿನವನೇ ಆಗಿದ್ದನು, ಅನ್ಯಾಯವಾದ ತೀರ್ಪು ಕೊಟ್ಟವನು ಮರುದಿನ ಅದೇ ಬಾವಿಯ ನೀರನ್ನು ಕುಡಿಯಬೇಕಾಗಿತ್ತು, ಅದೇ ಜನದ ಮುಖವನ್ನು ನೋಡಬೇಕಾಗಿತ್ತು, ಅವರೊಡನೆಯೇ ಬೀಗತನ ಬೆಳೆಸಬೇಕಾಗಿತ್ತು. ಅವನ ನಷ್ಟವು ಹಣದ್ದಲ್ಲದಿದ್ದರೂ ಮಾನದ್ದಾಗಿತ್ತು.

ಲೆಕ್ಕ ಓದುವ ಮಾತು ಬಂದುದರಿಂದ ಕಡತದ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹತ್ತಿಯ ಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಕಪ್ಪಾದ ಆ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಿಸಿ, ಎರಡು ಕಡೆಗೂ ಹಲಗೆಯ ರಕ್ಷೆ ಕೊಟ್ಟು, ಬಳಪದಿಂದ ಅದರ ಮೇಲೆ ಲೆಕ್ಕ ಬರೆಯುವ ಪದ್ಧತಿ ಕನ್ನಡನಾಡಿನಲ್ಲಿ ಬಹುಕಾಲ ಇದ್ದಿತು. ಶೃಂಗೇರಿಯ ಮಠದಲ್ಲಿ ಇಂಥ ಕಡತಗಳು ರಾಶಿಯಾಗಿ ಉಳಿದು ಬಂದು ಚರಿತ್ರಕಾರರಿಗೆ ಆಕರವಾಗಿವೆ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಮೊದಲ ಸಂಪುಟವು ಪ್ರಕಟವಾದ ತನ್ನ ದಕ್ಷಿಣ ಭಾರತದ ಚರಿತ್ರೆಯಲ್ಲಿ ಕಡತವನ್ನು ಕೌತುಕದಿಂದ ವರ್ಣಿಸಿದ್ದಾನೆ. ಬಳಪದ ಅಕ್ಷರವನ್ನು ಒರಸಿ ಮತ್ತೆ ಬರೆಯಬಹುದು. ಬಟ್ಟೆಗೆ ಹೊಸದಾಗಿ ಮಸಿ ಬಳಿದರೆ ಹಳೆಯ ಲೆಕ್ಕದ ಸುಳಿವೇ ಇಲ್ಲ. ಅಂಥ ಪುಸ್ತಕವು ಸಾಹುಕಾರನ ಅಂಗಡಿಯಲ್ಲಿ, ಸಾಹುಕಾರನ ಗಾದಿಯ ಕೆಳಗೆ, ಅಕ್ಷರ ಬಾರದ ಒಕ್ಕಲಿಗನ ಭಾಗ್ಯವನ್ನು ಹೊತ್ತುಕೊಂಡು ಮಲಗಿರುತ್ತಿತ್ತು! ಆಶ್ಚರ್ಯದ ಮಾತೆಂದರೆ, ಊರಿನೊಳಗಿನ ವ್ಯಾಪಾರವು ಈ ಅಳಿಸಬಹುದಾದ ಲೆಕ್ಕದ ಮೇಲೆಯೇ ಬಹುಮಟ್ಟಿಗೆ ನಿರ್ವಿವಾದವಾಗಿ ನಡೆದುಹೋಯಿತು. ಅಳಿಸಲಾಗದ ಮಸಿಯಿಂದ ಮುದ್ರಾಂಕದ ಕಾಗದದ ಮೇಲೆ ಬರೆದ ಪತ್ರಗಳ ಕಾಲವು ಬಂದ ಮೇಲೆಯೇ ವಂಚನೆಯ ಕೂಗು ದೇಶವನ್ನು ತುಂಬಿತು. ಪತ್ರವು ಗಟ್ಟಿಯಾದುದೇ ಇದಕ್ಕೆ ಒಂದು ಕಾರಣವೆಂದರೆ ವಿರೋಧಾಭಾಸವೆನಿಸೀತು. ಮುಂದಿನ ಸಂಗತಿಗಳನ್ನು ನೋಡಿ ವಾಚಕರೇ ನಿರ್ಣಯಿಸಬಹುದು.

1859ರಲ್ಲಿ ಬಂದ ಸಿವಿಲ್ ವಿಧಾನದ ಕಾಯಿದೆಯೂ ಕಾಲಮಿತಿಯ ಕಾಯಿದೆಯೂ ಸಾಲದ ಸ್ವರೂಪವನ್ನೇ ಬದಲಿಸಿದುವು. ನೋಂದಣಿಯಾಗದ ಕರಾರುಪತ್ರಕ್ಕೆ ಮೂರು ವರ್ಷಗಳ ವಾಯಿದೆ ಬಿದ್ದುದರಿಂದ, ಸಾಲಗಾರನನ್ನು ಹಳೆಯ ಬಾಕಿಯ ಭಯದಿಂದ ಪಾರುಮಾಡಲು ಹುಟ್ಟಿದ ನಿಯಮವು, ಪ್ರತಿ ಮೂರು ವರ್ಷಕ್ಕೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಯಿಸಿಕೊಳ್ಳಲು ಸಾಹುಕಾರನಿಗೆ ಕಾರಣವಾಯಿತು. ಹೆಬ್ಬೆಟ್ಟು ಒತ್ತಿದವನಿಗೆ ತಾನು ಎಷ್ಟಕ್ಕೆ ಒತ್ತಿದೆನೆಂಬುದು ತಿಳಿಯದು. ನ್ಯಾಯಾಧೀಶನು ಪತ್ರದ ಮುಖವನ್ನಷ್ಟೇ ನೋಡುವವನು. ದೂರದ ಪಟ್ಟಣದ ಕೋರ್ಟಿಗೆ ಹೋಗಲಾರದ ಒಕ್ಕಲಿಗನ ಮೇಲೆ ಏಕಪಕ್ಷೀಯವಾಗಿ ಡಿಕ್ರಿಯಾಗುವುದು. ಇದೇ ವೇಳೆಗೆ ಅಮೆರಿಕದಲ್ಲಿ 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದ ದೆಸೆಯಿಂದ ಇಲ್ಲಿಯ ಹತ್ತಿಗೆ ಚಿನ್ನದ ಬೆಲೆ ಬಂದಿತು. ಧಾರವಾಡ ಜಿಲ್ಲೆಯ ಎರೆಯ ಹೊಲಗಳಲ್ಲಿಯೂ ಆ ವರ್ಷಗಳಲ್ಲಿ ಹಣ ಹರಿಯಿತು. ಹಣ ಹರಿದ ಕಡೆ ಸಾಲವೂ ಸುಲಭವಾಗಿ ಹುಟ್ಟಿತು. ಯುದ್ಧ ನಿಂತಿತು, ಬೆಲೆ ಬಿದ್ದಿತು, ಕಂದಾಯ ಏರಿತು. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಊರಿನ ಸಂತೆಯಲ್ಲಿ ಸೇರಿದ ಮರಾಠಿ ರೈತರು ಸಾಹುಕಾರರ ಅಂಗಡಿಗಳಿಗೆ ನುಗ್ಗಿದಾಗ, ಅವರು ಮುಖ್ಯವಾಗಿ ಕೇಳಿದುದು ಸಾಲಪತ್ರಗಳನ್ನು, ಸುಟ್ಟುದೂ ಸಾಲಪತ್ರಗಳನ್ನೇ. ಆ ದಂಗೆಯು ಹಬ್ಬಿದ ಅನೇಕ ಗ್ರಾಮಗಳಲ್ಲಿ ಪತ್ರಗಳನ್ನು ಒಪ್ಪಿಸಿದ ಸಾಹುಕಾರನಿಗೆ ದೇಹದಂಡನೆಯಾಗಲಿಲ್ಲವೆಂಬುದು ಗಮನಿಸತಕ್ಕ ವಿಷಯ. ಮರುವರ್ಷವೇ ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮವು ಮೈಸೂರು, ಬಳ್ಳಾರಿ, ಧಾರವಾಡ, ಕಲಾದಗಿ ಸೀಮೆಗಳನ್ನು ಹಿಡಿದು ಲಕ್ಷಾಂತರ ಜನರನ್ನು ನುಂಗಿತು.

ಈ ಅನಾಹುತಗಳ ಫಲವಾಗಿ ಹುಟ್ಟಿದುದು 1879ರ ದಖ್ಖನಿನ ರೈತರ ಪರಿಹಾರ ಶಾಸನ. ಮೊದಲಿಗೆ ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಜಿಲ್ಲೆಗಳಿಗೆ ಅನ್ವಯಿಸಿದ ಈ ಶಾಸನವು ಭಾರತದ ಮುಂದಿನ ಎಲ್ಲ ಋಣಪರಿಹಾರ ಶಾಸನಗಳ ತಾಯಿಯೆನ್ನಬಹುದು. ಪತ್ರದ ಮುಖವನ್ನು ಮಾತ್ರ ನೋಡದೆ ಅದರ ಹಿಂದಿನ ವ್ಯವಹಾರವನ್ನೆಲ್ಲ ಮೊದಲಿನಿಂದ ಕೆದಕಿ ಲೆಕ್ಕ ಹಾಕಬೇಕೆಂದು ಅದು ನ್ಯಾಯಾಲಯಕ್ಕೆ ಆಜ್ಞಾಪಿಸಿತು. ಸಾಲಕ್ಕಾಗಿ ರೈತನನ್ನು ಸೆರೆಗೆ ಹಾಕುವುದನ್ನು ನಿಲ್ಲಿಸಿತು. ಪತ್ರಗಳನ್ನು ಗ್ರಾಮ ನೋಂದಣಿ ಅಧಿಕಾರಿಯ ಎದುರಿನಲ್ಲಿ ಬರೆಯಬೇಕೆಂದಿತು. ಹಣ ಕೊಟ್ಟಾಗ ರಸೀದಿಯನ್ನೂ, ಕೇಳಿದಾಗ ಲೆಕ್ಕದ ವಿವರವನ್ನೂ ಪಡೆಯುವ ಹಕ್ಕನ್ನು ಸಾಲಗಾರನಿಗೆ ಕೊಟ್ಟಿತು. ಯಾಜ್ಞವಲ್ಕ್ಯನು ಪತ್ರದ ಬೆನ್ನಿನ ಮೇಲೆ ಬರೆಯಿಸೆಂದು ಹೇಳಿದ ಮಾತು ಹೀಗೆ ಸುತ್ತಿ ಬಳಸಿ ಬ್ರಿಟಿಷ್ ಸರಕಾರದ ಶಾಸನಸಭೆಯಿಂದ ಮತ್ತೊಮ್ಮೆ ಹೊರಬಿದ್ದಿತು.

ಆದರೆ ಅದೇ ಶಾಸನದ ಇನ್ನೊಂದು ಅಂಗವು ನಮ್ಮ ಮೂರನೆಯ ಪಾತ್ರಧಾರಿಗೆ ಸಂಬಂಧಿಸಿದುದು. ಊರಿನ ಗೌರವಸ್ಥರಲ್ಲಿ ಕೆಲವರನ್ನು ಸರಕಾರವು ಸಂಧಾನಕಾರರನ್ನಾಗಿ ನೇಮಿಸಿತು. ಮೊದಲು ಅವರ ಮುಂದೆ ರಾಜಿಯ ಪ್ರಯತ್ನ ನಡೆಯಬೇಕು, ರಾಜಿಯಾಗದಿದ್ದರೆ ಅವರು ಪ್ರಮಾಣಪತ್ರ ಕೊಡಬೇಕು, ಆ ಪ್ರಮಾಣಪತ್ರವಿಲ್ಲದೆ ಯಾರೂ ದಾವೆ ಹೂಡುವಂತಿರಲಿಲ್ಲ. ಕಾಗದದ ಮೇಲೆ ಇದಕ್ಕಿಂತ ಚೆಲುವಾದ ವ್ಯವಸ್ಥೆ ಬೇರೊಂದಿಲ್ಲ. ನಡೆದುದೇ ಬೇರೆ. ಸಾಹುಕಾರನಿಗೆ ಬೇಕಾಗಿದ್ದುದು ರಾಜಿಯಲ್ಲ, ಪ್ರಮಾಣಪತ್ರ. ರೈತನು ಬಂದರೂ ಸರಿ, ಬಾರದಿದ್ದರೂ ಸರಿ, ಅದು ದೊರೆಯುತ್ತಿತ್ತು. ರಾಜಿಯಾದ ಕಡೆಗಳಲ್ಲಿಯೂ, ನ್ಯಾಯಾಲಯವು ಪತ್ರದ ಹಿಂದೆ ಹೋಗಿ ಕೆದಕುತ್ತದೆಂದು ಅಂಜಿದ ಸಾಹುಕಾರರು ಸಂಧಾನಕಾರನ ಎದುರಿನಲ್ಲಿ ರೈತನಿಂದ ಪೂರ್ತಿ ಮೊಬಲಗಿಗೆ ಒಪ್ಪಿಗೆ ಪಡೆದು ಆ ಒಪ್ಪಿಗೆಯನ್ನೇ ಡಿಕ್ರಿಯನ್ನಾಗಿ ಮಾಡಿಕೊಳ್ಳಲು ಮಾರ್ಗ ಕಂಡುಕೊಂಡರು. ಹೀಗೆ ಸಾಲಗಾರನ ರಕ್ಷಣೆಗೆಂದು ನಿಲ್ಲಿಸಿದ ಮನುಷ್ಯನು, ತಾನೇ ದುಷ್ಟನಾಗಬೇಕಾದ ಅವಶ್ಯಕತೆಯೂ ಇಲ್ಲದೆ, ನ್ಯಾಯಾಲಯದ ತನಿಖೆಯನ್ನು ತಪ್ಪಿಸುವ ಬಾಗಿಲಾಗಿ ಪರಿಣಮಿಸಿದನು. ಸಂಧಾನಕಾರನು ಸಂಬಳವಿಲ್ಲದವನಾದ್ದರಿಂದ ನಿಷ್ಪಕ್ಷಪಾತಿಯಾಗಿರುವನೆಂದು ಶಾಸನಕರ್ತರು ನಂಬಿದ್ದರು. ಸಂಬಳವಿಲ್ಲದವನಿಗೆ ಲಾಭವಿಲ್ಲವೆಂಬುದು ನಿಜವೆಂದೇ ಇಟ್ಟುಕೊಳ್ಳೋಣ. ಆದರೆ ರಾಜಿಯು ಅನ್ಯಾಯವಾದರೆ ಅವನಿಗೆ ನಷ್ಟವೂ ಇರಲಿಲ್ಲವಲ್ಲ! ಹಳೆಯ ಪಂಚನಿಗಿದ್ದ ಮಾನದ ಭಯವು ಸರಕಾರದ ನೇಮಕಾತಿಯಿಂದ ಹೋಯಿತು, ಸ್ಮೃತಿಯ ಹೊಣೆಗಾರನಿಗಿದ್ದ ಹಣದ ಭಯವು ಮೊದಲೇ ಇರಲಿಲ್ಲ. ಸಂಧಾನದ ಈ ಅಧ್ಯಾಯವನ್ನು ಮುಂದೆ ಕೈಬಿಟ್ಟರು. ಬಿಟ್ಟುದಕ್ಕೆ ಅತ್ತವರು ಕಡಮೆ.

ಮೂವತ್ತು ವರ್ಷ ಕಳೆಯುವುದರೊಳಗೆ ಇದಕ್ಕೆ ಪೂರ್ತಿ ವಿರುದ್ಧವಾದ ದಾರಿಯೊಂದು ಗದಗಿನ ಸಮೀಪದ ಕಣಗಿನಹಾಳದಲ್ಲಿ ತೆರೆಯಿತು. ಅದಕ್ಕೆ ಮುಂಚೆ ಪ್ರಯತ್ನಗಳೇ ಆಗಿರಲಿಲ್ಲವೆಂದಲ್ಲ. ಸರ್ ವಿಲಿಯಂ ವೆಡ್ಡರ್‌ಬರ್ನ್ ಮತ್ತು ಮಹಾದೇವ ಗೋವಿಂದ ರಾನಡೆಯವರು 1880ರ ದಶಕದ ಆರಂಭದಲ್ಲಿ ಪುರಂದರ ತಾಲೂಕಿಗೆ ಕೃಷಿ ಬ್ಯಾಂಕೊಂದರ ಯೋಜನೆ ಹಾಕಿದ್ದರು; ರಿಪನ್ ಪ್ರಭುವಿನ ಸರಕಾರ ಒಪ್ಪಿತು, ಲಂಡನ್ನಿನ ಅಧಿಕಾರಸ್ಥಾನ ಒಪ್ಪಲಿಲ್ಲ. ಮೈಸೂರಿನಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಸರಕಾರದ ಮುಂಗಡ ಹಣದಿಂದ ಕೃಷಿ ಬ್ಯಾಂಕುಗಳನ್ನು ಆರಂಭಿಸಿದರು, ಅವು ಬೇರೂರಲಿಲ್ಲ. ಮದರಾಸಿನ ಫ್ರೆಡರಿಕ್ ನಿಕಲ್ಸನ್ ಯೂರೋಪಿನಲ್ಲೆಲ್ಲ ಸುತ್ತಿ 1895 ಮತ್ತು 1897ರಲ್ಲಿ ಎರಡು ಸಂಪುಟಗಳ ವರದಿ ಬರೆದು, ಜರ್ಮನಿಯ ರೈಫೈಸನ್ನನ ಮಾದರಿಯ ಗ್ರಾಮಸಂಘಗಳೇ ರೈತರ ಸಾಲಕ್ಕೆ ಪರಿಹಾರವೆಂದು ಹೇಳಿದನು. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಶಾಸನವಾಯಿತು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಅಧ್ಯಕ್ಷತೆಯಲ್ಲಿ ಕಣಗಿನಹಾಳದ ಸಂಘವು ನೋಂದಣಿಯಾಗಿ, ಆ ಶಾಸನದಂತೆ ಹುಟ್ಟಿದ ಭಾರತದ ಮೊದಲ ಕೃಷಿ ಪತ್ತಿನ ಸಂಘವೆಂಬ ಕೀರ್ತಿಗೆ ಪಾತ್ರವಾಯಿತು. ಅದೇ ವರ್ಷ ಮೈಸೂರು ಸಂಸ್ಥಾನವೂ ತನ್ನದೇ ಸಹಕಾರ ಸಂಘಗಳ ರೆಗ್ಯುಲೇಷನ್ ಮಾಡಿಕೊಂಡಿತು. ಸ್ವಲ್ಪ ಕಾಲದಲ್ಲಿಯೇ ದಕ್ಷಿಣ ಕನ್ನಡದ ಪುತ್ತೂರಿನಲ್ಲಿ ಮೊಳಹಳ್ಳಿ ಶಿವರಾಯರು, ಆಮೇಲೆ 1923ರಲ್ಲಿ ಶಿರಸಿಯ ಅಡಕೆ ತೋಟಗಾರರು ತಮ್ಮ ತಮ್ಮ ಸಂಘಗಳನ್ನು ಕಟ್ಟಿದರು. ಮಂಡಿಯ ದಲಾಲನಿಂದ ಮುಂಗಡ ಪಡೆದು, ಬೆಳೆಯನ್ನು ಅವನಿಗೇ ಅವನು ಹೇಳಿದ ಬೆಲೆಗೆ ಒಪ್ಪಿಸಿ, ಮರುವರ್ಷ ಮತ್ತೆ ಮುಂಗಡಕ್ಕೆ ಕೈಯೊಡ್ಡುವ ತೋಟಗಾರನ ಬಾಳನ್ನು ಬಲ್ಲವರಿಗೆ ಶಿರಸಿಯ ಪ್ರಯತ್ನದ ಬೆಲೆ ತಿಳಿಯುತ್ತದೆ.

ಈ ಸಂಘಗಳಲ್ಲಿ ಹೊಸದೇನಿತ್ತು? ಬಡ್ಡಿ ಕಡಮೆಯೆಂಬುದು ಎಲ್ಲರ ಕಣ್ಣಿಗೂ ಬಿದ್ದ ಗುಣ. ಅದಕ್ಕಿಂತ ಆಳವಾದುದು ಅಪರಿಮಿತ ಹೊಣೆಯೆಂಬ ನಿಯಮ. ಗ್ರಾಮಸಂಘದ ಒಬ್ಬೊಬ್ಬ ಸದಸ್ಯನೂ ಇಡೀ ಸಂಘದ ಸಾಲಕ್ಕೆ ತನ್ನ ಸರ್ವಸ್ವದಿಂದ ಹೊಣೆಯಾಗಿದ್ದನು. ನೆರೆಮನೆಯ ಭೀಮಪ್ಪನಿಗೆ ಸಾಲ ಕೊಡಬಹುದೆಂದು ಕೈಯೆತ್ತಿದವನು, ಭೀಮಪ್ಪ ಕೊಡದೆ ಹೋದರೆ ತನ್ನ ಹೊಲವನ್ನೂ ಅಪಾಯಕ್ಕೆ ಒಡ್ಡಿದಂತಾಗುತ್ತಿತ್ತು. ಮಿತಾಕ್ಷರದಲ್ಲಿ ನಂಬಿಕೆಯ ಹೊಣೆಗಾರನೆಂದು ಕರೆಯಲ್ಪಟ್ಟವನು ಇಡೀ ಊರಿನ ರೂಪದಲ್ಲಿ ಮತ್ತೆ ಬಂದು ನಿಂತಂತೆ ನನಗೆ ಇದು ತೋರುತ್ತದೆ. ಹಳೆಯ ಅಗ್ರಹಾರಗಳ ಮಹಾಜನರು ದೀಪಕ್ಕೂ ಛಾತ್ರರ ಊಟಕ್ಕೂ ಎಂದು ಕೊಟ್ಟ ಗದ್ಯಾಣಗಳನ್ನು ತಮ್ಮಲ್ಲಿಟ್ಟುಕೊಂಡು ಬಡ್ಡಿಯಿಂದ ಧರ್ಮವನ್ನು ನಡೆಸುತ್ತಿದ್ದರೆಂದು ಶಿಲಾಶಾಸನಗಳು ಹೇಳುವಲ್ಲಿಯೂ ದಾನಿಗಳ ನಂಬಿಕೆಗೆ ಇದೇ ಬಗೆಯ ಆಧಾರವಿದ್ದಿತು: ಒಬ್ಬನು ಸತ್ತರೂ ಸಮೂಹವು ಸಾಯುವುದಿಲ್ಲ, ಒಬ್ಬನು ತಪ್ಪಿದರೆ ಸಮೂಹವು ತೆರುತ್ತದೆ.

ಸಹಕಾರವು ಎಲ್ಲ ಋಣವನ್ನೂ ಮುಗಿಸಿಬಿಟ್ಟಿತೆಂದು ಹೇಳಿದರೆ ಅದು ಚರಿತ್ರೆಗೆ ದ್ರೋಹ. ಎ. ಡಿ. ಗೋರ್ವಾಲ ಅವರ ಅಧ್ಯಕ್ಷತೆಯಲ್ಲಿ ನಡೆದ 1951-52ರ ಗ್ರಾಮೀಣ ಸಾಲದ ಪರಿಶೀಲನೆಯು ರೈತರು ತೆಗೆದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ ಮೂರರಷ್ಟು ಮಾತ್ರವೆಂದೂ, ಸಾಹುಕಾರರ ಪಾಲು ಸುಮಾರು ಎಪ್ಪತ್ತೆಂದೂ ತೋರಿಸಿಕೊಟ್ಟಿತು. ಅರ್ಧಶತಮಾನದ ಶ್ರಮಕ್ಕೆ ಮೂರು! ಅಪರಿಮಿತ ಹೊಣೆಗೆ ಅಂಜಿ ಉಳ್ಳವರು ದೂರ ಸರಿದರು, ಅಂಜದವರು ಇಲ್ಲದವರು.

ನಡುವೆ 1929ರ ಬಳಿಕದ ಆರ್ಥಿಕ ಕುಸಿತವು ಬಂದು, ಪೈರಿನ ಬೆಲೆ ಅರ್ಧಕ್ಕೆ ಇಳಿದು, ಪತ್ರದಲ್ಲಿ ಬರೆದ ರೂಪಾಯಿ ಮಾತ್ರ ರೂಪಾಯಿಯಾಗಿಯೇ ಉಳಿದುದರಿಂದ ಸಾಲವು ತಾನಾಗಿಯೇ ಇಮ್ಮಡಿಯಾದಂತಾಯಿತು. ಮೈಸೂರು ಸಂಸ್ಥಾನವು 1928ರಲ್ಲಿಯೇ ದಖ್ಖನಿನ ಶಾಸನದ ಮಾದರಿಯಲ್ಲಿ ರೈತರ ಪರಿಹಾರದ ಶಾಸನವನ್ನು ತಂದಿದ್ದಿತು. 1937ರಲ್ಲಿ ಋಣಸಂಧಾನದ ಶಾಸನವೂ ಬಂದಿತು. 1933ರಲ್ಲಿ ಮಧ್ಯಪ್ರಾಂತ, 1936ರಲ್ಲಿ ಮದರಾಸು ಇದೇ ದಾರಿ ಹಿಡಿದಿದ್ದುವು. ಈ ಶಾಸನಗಳ ಪ್ರಕಾರ ಸಂಧಾನವು ಒಬ್ಬನ ಕೈಯಲ್ಲಿರಲಿಲ್ಲ, ಮಂಡಲಿಯ ಕೈಯಲ್ಲಿದ್ದಿತು. ಸಾಲಗಾರನ ಅರ್ಜಿ ಬಂದೊಡನೆ ಮಂಡಲಿಯು ಸಾಹುಕಾರರಿಗೆಲ್ಲ ನೋಟೀಸು ಕೊಟ್ಟು ತಮ್ಮ ತಮ್ಮ ಬಾಕಿಯ ವಿವರವನ್ನೂ ಲೆಕ್ಕವನ್ನೂ ಹಾಜರುಪಡಿಸುವಂತೆ ಕೇಳುವುದು ಸಾಮಾನ್ಯ ಕ್ರಮ. ಒಪ್ಪಂದವಾದರೆ ನೋಂದಣಿ, ಅದಕ್ಕೆ ಡಿಕ್ರಿಯ ಬಲ. ಲೆಕ್ಕವನ್ನು ಹೊರಕ್ಕೆ ಎಳೆದ ಮಟ್ಟಿಗೆ ಈ ಮಂಡಲಿಗಳು 1879ರ ಸಂಧಾನಕಾರರಿಗಿಂತ ಎಷ್ಟೋ ಮೇಲು. ಅವುಗಳ ದೌರ್ಬಲ್ಯ ಬೇರೊಂದು ಕಡೆ ಇದ್ದಿತು: ಸಾಲವನ್ನು ಸಾವಿರದಿಂದ ಆರುನೂರಕ್ಕೆ ಇಳಿಸಿ ವರ್ಷಕ್ಕೆ ಅರುವತ್ತರಂತೆ ಕಂತು ಕಟ್ಟೆಂದು ಹೇಳಿದ ಮಾತ್ರಕ್ಕೆ ಮಳೆ ಬಾರದ ವರ್ಷ ಆ ಅರುವತ್ತು ಎಲ್ಲಿಂದ ಹುಟ್ಟಬೇಕು? ಕಂತು ತಪ್ಪಿತು, ಒಪ್ಪಂದ ಮುರಿಯಿತು. ಸಾಹುಕಾರನಿಗೆ ಒಡನೆ ಕೊಡಲು ಹಣವಿಲ್ಲದ ಮಧ್ಯಸ್ಥನು ರಿಯಾಯಿತಿಯನ್ನು ಬೇಡಬಲ್ಲನೇ ಹೊರತು ಉಳಿಸಿಕೊಳ್ಳಲಾರ.

ಇದನ್ನು ಚೆನ್ನಾಗಿ ಅರಿತವರು ಕಾಠೇವಾಡದ ಭಾವನಗರ ಸಂಸ್ಥಾನದ ದಿವಾನರಾಗಿದ್ದ ಸರ್ ಪ್ರಭಾಶಂಕರ ಪಟ್ಟಣಿ. ಅವರ ಯೋಜನೆಯಂತೆ ಸಂಸ್ಥಾನವು ರೈತರ ಮೇಲಿದ್ದ ಸುಮಾರು 86 ಲಕ್ಷ ರೂಪಾಯಿಗಳ ತಗಾದೆಯನ್ನು ಸುಮಾರು 20 ಲಕ್ಷಕ್ಕೆ ಇತ್ಯರ್ಥಗೊಳಿಸಿ, ಆ ಹಣವನ್ನು ತನ್ನ ಖಜಾನೆಯಿಂದ ಸಾಹುಕಾರರಿಗೆ ಕೊಟ್ಟು, ರೈತರಿಂದ ಕಂದಾಯದ ಜತೆಯಲ್ಲಿ ಕಂತಾಗಿ ವಸೂಲು ಮಾಡಿಕೊಂಡಿತು. ಬಾರದ ಎಂಬತ್ತಾರಕ್ಕಿಂತ ಕೈಗೆ ಬಂದ ಇಪ್ಪತ್ತು ಲೇಸೆಂದು ಸಾಹುಕಾರನೂ ಒಪ್ಪಿದನು. ರೈತನು ಕೊಡದಿದ್ದರೆ ಕೆಡುವುದು ಸಂಸ್ಥಾನದ ಖಜಾನೆ. ಆದಕಾರಣ ರೈತನಿಗೆ ಹೊರಲಾಗದಷ್ಟು ಮೊತ್ತಕ್ಕೆ ರಾಜಿ ಮಾಡಲು ಸಂಸ್ಥಾನಕ್ಕೆ ಮನಸ್ಸು ಬಾರದು. ನಮ್ಮ ಕಡೆ 1929ರಲ್ಲಿ ಸ್ಥಾಪಿತವಾದ ಮೈಸೂರಿನ ಕೇಂದ್ರ ಸಹಕಾರ ಭೂ ಅಡಮಾನ ಬ್ಯಾಂಕು ಹಳೆಯ ಸಾಲವನ್ನು ತೀರಿಸಲು ದೀರ್ಘಾವಧಿಯ ಹಣ ಕೊಡುವ ಉದ್ದೇಶವನ್ನಿಟ್ಟುಕೊಂಡಿದ್ದುದು ಇದೇ ಜಾತಿಯದು. ಆದರೆ ಅದು ಅಡಮಾನಕ್ಕೆ ಭೂಮಿಯುಳ್ಳವರಿಗೆ ಮಾತ್ರ ಒದಗತಕ್ಕದ್ದಾಗಿತ್ತು.

ಸಂಧಾನದಿಂದ ಬೇಸತ್ತ ಸರಕಾರಗಳು ಕಡೆಗೆ ಬಲಾತ್ಕಾರದ ಕಡೆ ತಿರುಗಿದುವು. ರಾಜಾಜಿಯವರ ಮಂತ್ರಿಮಂಡಲವು 1938ರಲ್ಲಿ ಮದರಾಸಿನಲ್ಲಿ ತಂದ ರೈತರ ಪರಿಹಾರ ಶಾಸನವು, ಆಗ ಆ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಬಳ್ಳಾರಿಗಳಿಗೂ ಅನ್ವಯಿಸಿ, 1932ರ ಅಕ್ಟೋಬರಿಗೆ ಹಿಂದಿನ ಸಾಲಗಳ ಬಾಕಿ ಬಡ್ಡಿಯನ್ನು ಒಂದೇ ಏಟಿಗೆ ತೊಡೆದುಹಾಕಿತು. ಅಸಲಿನ ಇಮ್ಮಡಿಯಷ್ಟನ್ನು ಆಗಲೇ ಕೊಟ್ಟಿದ್ದವನ ಸಾಲವು ಪೂರ್ತಿ ತೀರಿತೆಂದು ಸಾರಿತು. ಮುಂಬಯಿ ಸರಕಾರವು 1939ರಲ್ಲಿ ಋಣ ಹೊಂದಾಣಿಕೆಯ ಮಂಡಲಿಗಳಿಗೆ ಸಾಲವನ್ನು ಇಳಿಸುವ ಅಧಿಕಾರವನ್ನೇ ಕೊಟ್ಟು, 1947ರಲ್ಲಿ ಆ ಕೆಲಸವನ್ನು ನ್ಯಾಯಾಲಯಗಳಿಗೆ ಒಪ್ಪಿಸಿತು. ದೇವರಾಜ ಅರಸು ಅವರ ಕಾಲದಲ್ಲಿ 1976ರ ಕರ್ನಾಟಕ ಋಣಪರಿಹಾರ ಶಾಸನವು ಸಣ್ಣ ರೈತರ, ಭೂಹೀನರ, ದುರ್ಬಲರ ಸಾಲಗಳನ್ನು ರದ್ದುಪಡಿಸಿತು. ಆ ವರ್ಷವೇ ಜೀತಪದ್ಧತಿಯ ನಿರ್ಮೂಲನದ ಕೇಂದ್ರ ಶಾಸನವೂ ಆದುದು ಆಕಸ್ಮಿಕವಲ್ಲ, ಏಕೆಂದರೆ ಜೀತವೆಂಬುದು ಬಹುತೇಕವಾಗಿ ತೀರದ ಸಾಲದ ಮಗುವೇ. ಇವುಗಳ ಗುಣದೋಷ ವಿಚಾರವು ಬೇರೊಂದು ಪ್ರಬಂಧದ ವಸ್ತು. ಇಲ್ಲಿ ಇಷ್ಟು ಹೇಳಿದರೆ ಸಾಕು: ಶಾಸನವು ಸಾಲವನ್ನು ಅಳಿಸಬಲ್ಲದು, ಮರುದಿನದ ಬಿತ್ತನೆಯ ಬೀಜಕ್ಕೆ ಹಣ ಕೊಡಲಾರದು.

ಈಗ ಸಾಲವು ಹಳ್ಳಿಯಿಂದ ನಗರಕ್ಕೂ, ಕಡತದಿಂದ ಗಣಕಯಂತ್ರಕ್ಕೂ ಬಂದಿದೆ. ಸಾಹುಕಾರನ ಸ್ಥಾನದಲ್ಲಿ ಬ್ಯಾಂಕು, ಕ್ರೆಡಿಟ್ ಕಾರ್ಡು, ಮೊಬೈಲಿನಲ್ಲಿ ಕ್ಷಣಾರ್ಧದಲ್ಲಿ ಹಣ ಕೊಡುವ ಸಂಸ್ಥೆಗಳು ನಿಂತಿವೆ. ಮೂರನೆಯವನು ಕೂಡ ಋಣ ಇತ್ಯರ್ಥದ ಕಂಪೆನಿಯೆಂಬ ಹೊಸ ಹೆಸರಿನಿಂದ ಬಂದಿದ್ದಾನೆ. ಬ್ಯಾಂಕಿಗೆ ಕಂತು ಕಟ್ಟುವುದನ್ನು ನಿಲ್ಲಿಸಿ ಆ ಹಣವನ್ನು ತಿಂಗಳು ತಿಂಗಳು ಬೇರೆ ಖಾತೆಯೊಂದರಲ್ಲಿ ಕೂಡಿಸುತ್ತ ಬನ್ನಿ, ಸಾಕಷ್ಟು ಸೇರಿದ ಮೇಲೆ ನಾವು ಬ್ಯಾಂಕಿನೊಡನೆ ಮಾತಾಡಿ ಅರ್ಧಕ್ಕೆ ಮುಗಿಸುತ್ತೇವೆ ಎಂಬುದು ಅಮೆರಿಕದಲ್ಲಿ ಬೆಳೆದು ಲೋಕಕ್ಕೆ ಹರಡಿದ ಇವರ ಕ್ರಮ. ಕೂಡಿಡುವ ಆ ಅವಧಿಯಲ್ಲಿ ಬಡ್ಡಿ ಬೆಳೆಯುತ್ತದೆ, ದಂಡ ಬೀಳುತ್ತದೆ, ಸಾಲಗಾರನ ಹೆಸರು ಕೆಡುತ್ತದೆ. ಮಾತುಕತೆ ಮುರಿದುಬಿದ್ದರೆ ಇವೆಲ್ಲದರ ಭಾರ ಸಾಲಗಾರನದೇ. ಶುಲ್ಕವನ್ನು ಮುಂಗಡವಾಗಿ ತೆಗೆದುಕೊಂಡ ಕಂಪೆನಿಗೆ ಅದರಿಂದ ಕಾಸಿನ ನಷ್ಟವಿಲ್ಲ. ಸ್ಮೃತಿಯ ಕಾಲದ ಹೊಣೆಗಾರನು ಮಾತು ಸುಳ್ಳಾದರೆ ತೆರುತ್ತಿದ್ದನು. ಇವನು ಮಾತು ಸುಳ್ಳಾಗುವ ಮುಂಚೆಯೇ ಪಡೆದಿರುತ್ತಾನೆ.

ಆದುದರಿಂದ ಇಂಥ ಕಂಪೆನಿಯ ಬಾಗಿಲನ್ನು ತಟ್ಟುವ ಮುನ್ನ ವಾಚಕರು, ಅದರ ಕಟ್ಟಡವನ್ನೂ ಜಾಹೀರಾತನ್ನೂ ಬದಿಗಿಟ್ಟು, ರಾಜಿ ಆಗದಿದ್ದರೆ ನಿಮಗೇನು ನಷ್ಟವೆಂದು ನೇರವಾಗಿ ಕೇಳಬೇಕು. ಕೊಟ್ಟ ಪ್ರತಿ ರೂಪಾಯಿಗೂ ರಸೀದಿಯನ್ನು ಪಡೆಯಬೇಕು. ಸಾಲ ಕೊಟ್ಟ ಬ್ಯಾಂಕೇ ಬರೆದುಕೊಟ್ಟ ಇತ್ಯರ್ಥದ ಪತ್ರವನ್ನಲ್ಲದೆ ಮಧ್ಯಸ್ಥನ ಬಾಯಿಮಾತನ್ನು ಇತ್ಯರ್ಥವೆಂದು ತಿಳಿಯಕೂಡದು. ಬ್ಯಾಂಕಿನೊಡನೆ ತಾವೇ ಮಾತಾಡಲು, ಅಥವಾ 1987ರ ಕಾನೂನು ಸೇವೆಗಳ ಶಾಸನದಂತೆ ನಡೆಯುವ, ಶುಲ್ಕವಿಲ್ಲದ ಲೋಕ ಅದಾಲತ್ತಿಗೆ ಹೋಗಲು ಯಾವ ಕಂಪೆನಿಯ ಅಪ್ಪಣೆಯೂ ಬೇಕಿಲ್ಲವೆಂಬುದನ್ನು ನೆನಪಿನಲ್ಲಿಡಬೇಕು. ಈ ಕಂಪೆನಿಗಳು ಹೇರಳವಾಗಿ ಬೆಳೆದ ಅಮೆರಿಕದಲ್ಲಿಯೇ ಅಲ್ಲಿಯ ವಾಣಿಜ್ಯ ಆಯೋಗವು 2010ರಲ್ಲಿ ನಿಯಮವೊಂದನ್ನು ತಂದು, ದೂರವಾಣಿಯ ಮೂಲಕ ಗಿರಾಕಿಗಳನ್ನು ಹಿಡಿಯುವ ಇಂಥ ಕಂಪೆನಿಗಳು ಕಡೆಯ ಪಕ್ಷ ಒಂದು ಸಾಲವಾದರೂ ಇತ್ಯರ್ಥವಾಗಿ, ಆ ಒಪ್ಪಂದದಂತೆ ಸಾಲಗಾರನು ಒಂದು ಕಂತಾದರೂ ಸಲ್ಲಿಸುವವರೆಗೆ ಶುಲ್ಕವಾಗಿ ಒಂದು ಕಾಸನ್ನೂ ತೆಗೆದುಕೊಳ್ಳಕೂಡದೆಂದು ನಿಷೇಧಿಸಿತು.